ಗೀರು ತೆಗೆಯೋಕೆ ದುಡ್ಡು ಕೊಟ್ಟಿದ್ದು, ಮುಚ್ಚೋಕಲ್ಲ

ಬೆಂಗಳೂರು
9 ಜೂನ್ 2025

ಮ್ಯಾನೇಜರ್ ಅವರಿಗೆ,

ವಿಷಯ: ಮೇ 17ರಂದು ನನ್ನ ಕಾರಿಗೆ ಮಾಡಿದ ಪೇಂಟ್ ಕರೆಕ್ಷನ್ (ಪೇಂಟ್ ಉಜ್ಜಿ ಗೀರು, ಕಲೆ ತೆಗೆಯುವ ಕೆಲಸ) ಸರಿಯಾಗಿಲ್ಲ. ಮತ್ತೆ ಮಾಡಿಕೊಡಿ, ಇಲ್ಲವೇ 11,500 ರೂಪಾಯಿ ವಾಪಸ್ ಕೊಡಿ.

ಮಾನ್ಯರೇ,

ನನ್ನದು 2016ರ ಕಪ್ಪು ಪೋಲೋ. ಬಾನೆಟ್ ಮತ್ತು ರೂಫ್ ಮೇಲೆ ನೀರಿನ ಕಲೆ, ಮೈತುಂಬಾ ಸಣ್ಣ ಗೀರು. ಮೇ 17ರ ಶನಿವಾರ ನಿಮ್ಮಲ್ಲಿಗೆ ತಂದಿದ್ದೆ. ಕೌಂಟರ್‌ನಲ್ಲಿದ್ದವರು ಬಾನೆಟ್ಟನ್ನು ಬೆರಳಲ್ಲಿ ತಟ್ಟಿ, "ಜರ್ಮನ್ ಗಾಡಿ ಸರ್, ಪೇಂಟ್ ಕಲ್ಲಿದ್ದ ಹಾಗೆ" ಅಂದರು. ಹಲಸಿನ ಹಣ್ಣು ತಟ್ಟಿ ನೋಡಿದ ಹಾಗಿತ್ತು. ತಟ್ಟಿದರೆ ಪೇಂಟ್ ಗಟ್ಟಿಯೋ ಮೆತ್ತಗೋ ಅಂತ ಗೊತ್ತಾಗಲ್ಲ, ಅದಿರಲಿ. ಮೊದಲು ಕಾಂಪೌಂಡ್ ಅನ್ನೋ ಒರಟು ಪೇಸ್ಟಲ್ಲಿ ಉಜ್ಜಿ, ಆಮೇಲೆ ನಯವಾದ ಪಾಲಿಶ್ ಹಾಕುವ ಟೂ ಸ್ಟೆಪ್ ಕರೆಕ್ಷನ್‌ಗೆ 9,500, ಗಟ್ಟಿ ಪೇಂಟ್ ಅಂತ ಮೇಲೆ 2,000. ಕೇಳಿದಷ್ಟು ಕೊಟ್ಟೆ.

ಸಂಜೆ ಗಾಡಿ ತಗೊಂಡಾಗ ಕನ್ನಡಿ ಥರ ಹೊಳೆಯುತ್ತಿತ್ತು. ಖುಷಿಯಾಗಿಯೇ ಮನೆಗೆ ಬಂದೆ. ಮಾರನೇ ದಿನ ರಾತ್ರಿ ಸುರಿದ ಮಳೆ ನಿಮಗೂ ನೆನಪಿರಬೇಕು, ಅರ್ಧ ಊರು ನೀರಲ್ಲಿ ನಿಂತಿತ್ತು. ಅದಾದ ಮೇಲೆ ಎರಡು ಸಲ ಶಾಂಪೂ ಹಾಕಿ ತೊಳೆದೆ. ಮೂರನೇ ವಾರ ರಾತ್ರಿ ಪೆಟ್ರೋಲ್ ಬಂಕ್‌ಗೆ ಹೋದೆ. ಅಲ್ಲಿನ ಬಿಳಿ ಲೈಟಿನ ಕೆಳಗೆ ನೋಡುತ್ತೇನೆ, ಬಾನೆಟ್ ತುಂಬಾ ಜೇಡರ ಬಲೆ! ಹಳೇ ಗೀರುಗಳೆಲ್ಲ ಹಾಗೇ ಇವೆ. ಒಂದೂ ಹೋಗಿಲ್ಲ. ಅಂದರೆ ನೀವು ಗೀರು ತೆಗೆದಿಲ್ಲ, ಗ್ಲೇಜ್ ಅನ್ನೋ ಎಣ್ಣೆಯಂಥ ಪಾಲಿಶ್ ತುಂಬಿ ಮುಚ್ಚಿದ್ದೀರಿ. ಆ ಎಣ್ಣೆ ಇರುವವರೆಗೆ ಹೊಳಪು, ತೊಳೆದು ಹೋದ ಮೇಲೆ ಅಷ್ಟೇ.

ಇದು ಹಳೇ ಗೀರಿನ ಕಥೆ. ನೀವು ಹೊಸದಾಗಿ ಕೊಟ್ಟಿದ್ದೂ ಒಂದಿದೆ. ಬೆಳಿಗ್ಗೆ ಹತ್ತರ ಬಿಸಿಲಲ್ಲಿ ಡ್ರೈವರ್ ಕಡೆಯ ಡೋರ್ ಓರೆಯಾಗಿ ನೋಡಿದರೆ, ಮಸುಕು ಗೆರೆಗಳು ಹಾವು ಹರಿದ ಹಾಗೆ ಕಾಣುತ್ತವೆ. ನಾನು ನಡುವೆ ಒಂದು ಸಲ ಬಂದು ನೋಡಿದಾಗ ನಿಮ್ಮ ಹುಡುಗ ರೋಟರಿ ಮಷೀನ್‌ಗೆ ಉಣ್ಣೆ ಪ್ಯಾಡ್ ಹಾಕಿ ಉಜ್ಜುತ್ತಿದ್ದ. ಪ್ಯಾಡ್ ಮೇಲೆ ಕಾಂಪೌಂಡ್ ಒಣಗಿ ಗಟ್ಟಿಯಾಗಿತ್ತು. ಅವನು ಅದನ್ನು ಬ್ರಷ್‌ನಲ್ಲಿ ಒಂದು ಸಲವೂ ಕ್ಲೀನ್ ಮಾಡಲಿಲ್ಲ. ಎರಡನೇ ಸ್ಟೆಪ್‌ನಲ್ಲಿ ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್ ಹಾಕಿದ್ದರೆ ಈ ಗೆರೆ ಉಳಿಯುತ್ತಿರಲಿಲ್ಲ. ಬಿಲ್‌ನಲ್ಲಿ ಎರಡು ಸ್ಟೆಪ್ ಇದೆ, ಗಾಡಿ ಮೇಲೆ ಒಂದೇ ಕಾಣುತ್ತಿದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಅದೊಂದೇ ಪ್ಯಾಡ್ ಕೊಟ್ಟವರು ಯಾರು?

ಇನ್ನು ನೀರಿನ ಕಲೆ. ಮನೆಯಲ್ಲಿ ಬಿಳಿ ವಿನೆಗರ್‌ಗೆ ಅರ್ಧ ನೀರು ಬೆರೆಸಿ, ಬಟ್ಟೆ ಒದ್ದೆ ಮಾಡಿ ಬಾನೆಟ್ಟಿನ ಒಂದು ಮೂಲೆಯ ಮೇಲೆ ಒಂದು ನಿಮಿಷ ಇಟ್ಟೆ, ಆಮೇಲೆ ತೊಳೆದೆ. ಅಲ್ಲಿದ್ದ ಕಲೆಗಳಲ್ಲಿ ಅರ್ಧಕ್ಕರ್ಧ ಮಾಯ. ಅವು ಬರೀ ಮೇಲೆ ಕೂತ ಸುಣ್ಣ. ಅದನ್ನೂ ತೆಗೆಯದೆ ಅದರ ಮೇಲೇ ಮಷೀನ್ ಓಡಿಸಿದ್ದೀರಿ ಅಂತಾಯ್ತು. ಉಳಿದವು ಬೇರೆ ಥರ. ಒಂದು ರೂಪಾಯಿ ನಾಣ್ಯದಷ್ಟು ಉಂಗುರ, ಅಂಚು ಪೇಂಟ್ ಒಳಗೆ ಇಳಿದಿದೆ. ಅವು ಹೋಗಬೇಕಾದರೆ ನಿಜವಾಗಿ ಕಾಂಪೌಂಡ್ ಮಾಡಲೇಬೇಕು. ನಾನು 11,500 ಕೊಟ್ಟಿದ್ದೇ ಅದಕ್ಕೆ.

ಫೋನ್ ಮಾಡಿದಾಗ ಎರಡು ಉತ್ತರ ಸಿಕ್ಕವು. ಮೊದಲನೆಯದು, "ಮಳೆಯಿಂದ ಹಾಗಾಗಿದೆ ಸರ್." ಮಳೆ ಗೀರು ಹಾಕಲ್ಲ, ಮುಚ್ಚಿದ್ದನ್ನು ತೊಳೆದು ತೋರಿಸುತ್ತೆ. ಸುಣ್ಣ ಜಾಸ್ತಿ ಇರುವುದು ಬೋರ್‌ವೆಲ್ ನೀರಲ್ಲಿ. ನಿಮ್ಮ ಬಕೆಟ್ ಒಳಗೇ ಬಿಳಿ ಪದರ ಕಟ್ಟಿದೆ, ನೋಡಿಕೊಳ್ಳಿ. ಕಾವೇರಿ ನೀರಲ್ಲಿ ತೊಳೆಯಿರಿ ಅಂತ ನಾನು ಹೇಳುತ್ತಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಅದಕ್ಕೇ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತಲ್ಲ. ಬೋರ್ ನೀರೇ ಇರಲಿ, ಆದರೆ ನೆರಳಲ್ಲಿ ತೊಳೆದು ಒಣಗುವ ಮುಂಚೆ ಒರೆಸಬೇಕು. ನಿಮ್ಮಲ್ಲಿ ಗಾಡಿ ಬಿಸಿಲಲ್ಲೇ ನಿಂತಿತ್ತು.

ಎರಡನೆಯದು, "ಗಟ್ಟಿ ಪೇಂಟ್ ಸರ್, ಇಷ್ಟೇ ಆಗೋದು." ಹಾಗಿದ್ದರೆ ಆ 2,000 ಯಾಕೆ ತಗೊಂಡಿರಿ? ಗಟ್ಟಿ ಪೇಂಟ್‌ನಲ್ಲಿ ಗೀರು ನಿಧಾನಕ್ಕೆ ಹೋಗುತ್ತೆ, ಹೋಗಲ್ಲ ಅಂತಲ್ಲ. ಮೊದಲು ಎರಡಡಿ ಜಾಗದಲ್ಲಿ ಟೆಸ್ಟ್ ಮಾಡಿ, ಯಾವ ಪ್ಯಾಡ್, ಯಾವ ಕಾಂಪೌಂಡ್ ಸರಿಹೋಗುತ್ತೆ ಅಂತ ನೋಡಿಕೊಂಡು ಮುಂದೆ ಹೋಗಬೇಕಿತ್ತು. ಆ ಟೆಸ್ಟ್ ಆಗಲೇ ಇಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕೆಲಸ ನನ್ನ ಎದುರಿಗೇ ಮತ್ತೆ ಮಾಡಿಕೊಡಿ. ಶುರು ಮಾಡುವ ಮುಂಚೆ ಮೀಟರ್ ಇಟ್ಟು ಪ್ರತಿ ಪ್ಯಾನೆಲ್‌ನ ಪೇಂಟ್ ದಪ್ಪ ಬರೆದುಕೊಡಿ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಇರುವುದೇ ಸುಮಾರು 40-50 ಮೈಕ್ರಾನ್. ಅದರಲ್ಲಿ ನೀವು ಎಷ್ಟು ತಿಂದಿದ್ದೀರೋ ಗೊತ್ತಿಲ್ಲ, ಅಂಚುಗಳ ಬಗ್ಗೆ ನನಗೆ ಭಯವಿದೆ. ಕಾಂಪೌಂಡ್ ಆದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎಣ್ಣೆ ಪೂರ್ತಿ ಒರೆಸಿ, ಲೈಟ್ ಹಿಡಿದು ತೋರಿಸಿ. ಆಮೇಲೆ ವ್ಯಾಕ್ಸ್ ಹಚ್ಚಿ, ಬೇಡ ಅನ್ನಲ್ಲ. ಪೇಂಟ್ ತೆಳುವಾಗಿದ್ದರೆ ಮಷೀನ್ ಮುಟ್ಟಿಸಲೇಬೇಡಿ, ಪೂರ್ತಿ ದುಡ್ಡು ವಾಪಸ್ ಕೊಡಿ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತವಾಗಿ ಉತ್ತರ ಬೇಕು. ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಿಲ್ ಪ್ರತಿ, ಬಂಕ್‌ನಲ್ಲಿ ತೆಗೆದ ನಾಲ್ಕು ಫೋಟೋ, ಬಿಸಿಲಲ್ಲಿ ಡೋರ್‌ನ ಒಂದು ವಿಡಿಯೋ ಜೊತೆಗಿದೆ.

ನನಗೆ ಶನಿವಾರ ಮಾತ್ರ ಬಿಡುವು. ನಿಮ್ಮಲ್ಲಿ ಒಳ್ಳೇ ಲೈಟ್ ಇಲ್ಲದಿದ್ದರೆ ಹೇಳಿ, ನನ್ನದೇ ಟಾರ್ಚ್ ತರುತ್ತೇನೆ.

ಇಂತಿ,
ಕಪ್ಪು ಪೋಲೋ ಮಾಲೀಕ
(ಹೆಸರು, ಗಾಡಿ ನಂಬರ್ ಬಿಲ್‌ನಲ್ಲಿದೆ)