ಪರದೆ ಕೆಂಪಾಯಿತು, ಸದ್ದು ಬರಲಿಲ್ಲ: ನಮ್ಮ ಅಲರ್ಟ್ ವ್ಯವಸ್ಥೆ ಬದಲಾಗುತ್ತಿದೆ

ಗ್ರಾಹಕರೆಲ್ಲರಿಗೂ ನಮಸ್ಕಾರ.

ನಿಮ್ಮ ಸರ್ವರ್‌ಗೆ ತೊಂದರೆಯಾದರೆ ಇಷ್ಟು ದಿನ ನಮ್ಮ ಆಫೀಸಿನ ಸ್ಪೀಕರ್ ಕೂಗುತ್ತಿತ್ತು. ಮುಂದಿನ ತಿಂಗಳ 1ರಿಂದ ಡ್ಯೂಟಿಯಲ್ಲಿರುವ ಹುಡುಗನ ಮೊಬೈಲ್‌ಗೆ ಟೆಲಿಗ್ರಾಂ ಮೆಸೇಜೂ ಹೋಗುತ್ತದೆ. 5 ನಿಮಿಷದಲ್ಲಿ ಅವನು ‘ನೋಡಿದೆ’ ಎಂದು ಒತ್ತದಿದ್ದರೆ ನನಗೆ ಬರುತ್ತದೆ. ನಾನೂ ಒತ್ತದಿದ್ದರೆ ಇನ್ನು 10 ನಿಮಿಷಕ್ಕೆ ನಿಮಗೇ. ಇದಕ್ಕೆ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಕಾರಣ ಹೇಳಲೇಬೇಕು. ತಪ್ಪು ನಮ್ಮದು. ಹೋದ ತಿಂಗಳು ಒಂದು ರಾತ್ರಿ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರ ಸರ್ವರ್‌ನಲ್ಲಿ ಡಿಸ್ಕ್ ತುಂಬಿತು. ಸರ್ವರ್‌ಗಳ ಮೇಲೆ ಕಣ್ಣಿಡುವ ಜ್ಯಾಬಿಕ್ಸ್ ಎಂಬ ಸಾಫ್ಟ್‌ವೇರ್‌ನ ಪರದೆ ಕೆಂಪಾಯಿತು, ಸದ್ದು ಮಾತ್ರ ಇಲ್ಲ. ನಮ್ಮ ಹುಡುಗ ಪರದೆಗೆ ಬೆನ್ನು ಹಾಕಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ. (ಅವನನ್ನು ಬೈಯಲಿಲ್ಲ. ಕೂಗಿದಾಗ ತಿರುಗಿ ನೋಡಿದರೆ ಸಾಕು ಅಂದಿದ್ದು ನಾವೇ.) ಗೊತ್ತಾಗುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಮೊದಲು ಸ್ಪೀಕರ್ ಮೇಲೆ ಅನುಮಾನ ಬಂತು. ಸುಮ್ನೆ ಹೊಸದೊಂದು ತಂದೆವು. ಹಳೆಯದರಲ್ಲೇ ಯೂಟ್ಯೂಬ್ ಹಾಡು ಚೆನ್ನಾಗಿ ಬರುತ್ತಿತ್ತು. ಅಲರ್ಟ್ ಪುಟದಲ್ಲಿ ಅಲ್ಲಿ ಇಲ್ಲಿ ಒತ್ತಿ ಪರೀಕ್ಷೆ ಮಾಡಿದರೆ ಅದೂ ಕೂಗುತ್ತಿತ್ತು! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಅದು ಕೂಗಿದ್ದೇ ನಾವು ಒತ್ತಿದ್ದಕ್ಕೆ. ಜ್ಯಾಬಿಕ್ಸ್ ಪುಟದ ಸದ್ದು ಹೊರಡುವುದು ಸರ್ವರ್‌ನಿಂದಲ್ಲ, ಬ್ರೌಸರ್‌ನಿಂದ. ಯಾರೂ ಮುಟ್ಟದ ಪುಟ ತಾನಾಗಿ ಸದ್ದು ಮಾಡುವುದನ್ನು ಕ್ರೋಮ್ 2018ರ ಏಪ್ರಿಲ್‌ನಿಂದ, ಫೈರ್‌ಫಾಕ್ಸ್ 2019ರ ಮಾರ್ಚ್‌ನಿಂದ ಸಾಮಾನ್ಯವಾಗಿ ತಡೆಯುತ್ತವೆ. ಅವತ್ತು ಸಂಜೆ ಕರೆಂಟ್ ಹೋಗಿತ್ತು, ಯುಪಿಎಸ್ ಬ್ಯಾಟರಿ ಕೈ ಕೊಟ್ಟಿತ್ತು. ಕರೆಂಟ್ ಬಂದಾಗ ಕಂಪ್ಯೂಟರ್ ತಾನೇ ಆನ್ ಆಗಿ ಪುಟವನ್ನೂ ತೆರೆದುಕೊಂಡಿತ್ತು. ಮೌಸ್ ಮುಟ್ಟಿದವರು ಯಾರೂ ಇಲ್ಲ.

ಈಗ ಬ್ಯಾಟರಿ ಹೊಸದು. ಮುಟ್ಟದಿದ್ದರೂ ಸದ್ದು ಬರುವಂತೆ ನಮ್ಮ ಕ್ರೋಮ್ ಶಾರ್ಟ್‌ಕಟ್‌ನಲ್ಲೇ ಸೆಟ್ ಮಾಡಿದ್ದೇವೆ. ಇನ್ನು ಮೇಲೆ ಸ್ಪೀಕರ್ ಕೂಗುವುದು ‘ಹೈ’ ಮತ್ತು ‘ಡಿಸಾಸ್ಟರ್’ ಎಂಬ ಮೇಲಿನ ಎರಡು ಹಂತಕ್ಕೆ ಮಾತ್ರ. ಸಣ್ಣಪುಟ್ಟದ್ದಕ್ಕೆಲ್ಲ ಕೂಗಿದರೆ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ, ಅಲ್ವಾ?

ನಿಮ್ಮಲ್ಲೂ ಪರದೆ ಇದ್ದರೆ, ಕಂಪ್ಯೂಟರ್ ಆನ್ ಮಾಡಿದ ಮೇಲೆ ಪುಟದ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಟ್ಯಾಬ್ ಮ್ಯೂಟ್ ಆಗಿದೆಯೋ ನೋಡಿ. ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಕೊಟ್ಟಿದ್ದರೆ ಸದ್ದು ಟಿವಿಗೆ ಹೋಗಿರಬಹುದು, ಅದರ ವಾಲ್ಯೂಮ್ ಸೊನ್ನೆಯಲ್ಲಿರಬಹುದು. ಹೊಸ ಯೂಸರ್ ಮಾಡಿಸಿಕೊಂಡವರು ಗಮನಿಸಿ: ಜ್ಯಾಬಿಕ್ಸ್‌ನಲ್ಲಿ ಸದ್ದಿನ ಸೆಟ್ಟಿಂಗ್ ಒಬ್ಬೊಬ್ಬ ಯೂಸರ್‌ಗೂ ಬೇರೆ, ಮೊದಲಿಗೆ ಆಫ್ ಇರುತ್ತದೆ. ಪ್ರೊಫೈಲ್‌ಗೆ ಹೋಗಿ ಆನ್ ಮಾಡಬೇಕು. ಬಗೆಹರಿಯದಿದ್ದರೆ ಫೋನ್ ಮಾಡಿ, ಹುಡುಗ ಬಂದು ಮಾಡಿಕೊಡುತ್ತಾನೆ.

ಟೆಲಿಗ್ರಾಂ ಇರುವ ಒಂದು ನಂಬರ್ ಈ ತಿಂಗಳ 25ರೊಳಗೆ ಕಳಿಸಿಕೊಡಿ. ಅಂಗಡಿಯ ಡ್ರಾಯರ್‌ನಲ್ಲಿ ಬಿಟ್ಟು ಹೋಗುವ ಮೊಬೈಲ್ ಬೇಡ, ರಾತ್ರಿ ನಿಮ್ಮ ತಲೆದಿಂಬಿನ ಹತ್ತಿರ ಇರುವುದೇ ಬೇಕು.

ಇಂತಿ,
ನಿಮ್ಮ ಸರ್ವರ್ ನೋಡಿಕೊಳ್ಳುವವರು
ದಾವಣಗೆರೆ