ಬರೀ ಕಾರ್ಬನ್ ಫಿಲ್ಟರ್ ಇಟ್ರೆ ಫ್ಲೋರೈಡ್ ಹೋಗಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ಪಾವಗಡ ಕಡೆ ಕಡಿಮೆ ರೇಟಿನ ಕಾರ್ಬನ್ (ಇದ್ದಿಲಿನ) ಫಿಲ್ಟರ್ ತಂದು ನಲ್ಲಿಗೆ ಹಾಕ್ಕೊಂಡು, ಸದ್ಯ ಫ್ಲೋರೈಡ್ ಕಾಟ ತಪ್ಪಿತು ಅಂತ ನೆಮ್ಮದಿಯಾಗಿರೋ ಮನೆಗಳಿವೆ. ದಯವಿಟ್ಟು ನಿಮ್ಮ ಪೇಪರಲ್ಲಿ ಇದನ್ನ ದೊಡ್ಡದಾಗಿ ಹಾಕಿ: ಮಾಮೂಲಿ ಕಾರ್ಬನ್ನು ವಾಸನೆ ತೆಗೆಯುತ್ತೆ, ಕ್ಲೋರಿನ್ ತೆಗೆಯುತ್ತೆ, ನೀರು ಕುಡಿಯೋಕೂ ಚೆನ್ನಾಗಿರುತ್ತೆ, ಆದ್ರೆ ಫ್ಲೋರೈಡ್ ಮಾತ್ರ ಹೆಚ್ಚುಕಮ್ಮಿ ಹಾಗೇ ದಾಟಿ ಲೋಟಕ್ಕೆ ಬರುತ್ತೆ. ಕುದಿಸಿದ್ರೂ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದಿದ್ರಲ್ಲಿ ಅದು ಇನ್ನೂ ಜಾಸ್ತಿ ಆಗುತ್ತೆ. ಲೋಹ ಸೇರಿಸಿದ ಕಾರ್ಬನ್ ಅಂತ ಬೇರೆ ಇದೆ, ಅದನ್ನ ನಮ್ಮ ಬೋರ್ ನೀರಲ್ಲೇ ಪರೀಕ್ಷೆ ಮಾಡಿ ನೋಡ್ಲಿ ಅನ್ನೋಕೆ ಈ ಪತ್ರ.

ಇಲ್ಲಿ ಫ್ಲೋರೈಡ್ ಬರೋದು ನೆಲದ ಕೆಳಗಿನ ಗ್ರಾನೈಟ್ ಮತ್ತೆ ನೈಸ್ ಅನ್ನೋ ಪಟ್ಟೆ ಪಟ್ಟೆ ಗಟ್ಟಿ ಬಂಡೆಗಳಿಂದ. ಬೋರ್ ಆಳಕ್ಕೆ ಹೋದಂಗೆ ನೀರು ಬಂಡೆ ಸಂದಿಲಿ ವರ್ಷಗಟ್ಟಲೆ ನಿಂತು ಅದನ್ನ ಕರಗಿಸ್ಕೊಂಡಿರುತ್ತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿನೇ ಇಲ್ದಿದ್ರೆ 1.5 ತನಕ ಅಂತ ನಮ್ಮ ದೇಶದ ಮಾನದಂಡ ಹೇಳುತ್ತೆ. ಅದಕ್ಕಿಂತ ಜಾಸ್ತಿ ಇರೋ ನೀರು ಕುಡಿದು ಬೆಳೆದ ಮಕ್ಕಳು ನಕ್ಕಾಗ ಗೊತ್ತಾಗುತ್ತೆ, ಮುಂದಿನ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ, ಕೆಲವರಿಗೆ ಸೀಮೆಸುಣ್ಣದ ಥರ ಬಿಳಿ ಚುಕ್ಕೆ. ಹಲ್ಲು ವಸಡಿನೊಳಗೆ ಬೆಳೆಯೋವಾಗ್ಲೇ ಆದ ಕಲೆ ಅದು, ಯಾವ ಪೇಸ್ಟಿಗೂ ಹೋಗಲ್ಲ. ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಮಾತಾಡ್ತಾರೆ ಸಾರ್, ನೋಡಿದ್ರೆ ಸಂಕಟ ಆಗುತ್ತೆ. ವಯಸ್ಸಾದವರಲ್ಲಿ ಬೆನ್ನು, ಕುತ್ತಿಗೆ ಸೆಟೆದು ನಿಲ್ಲೋ ಕಷ್ಟ ಬೇರೆ.

ಐದು ರೂಪಾಯಿ ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬೋ, ನೀರನ್ನ ತೆಳು ಪೊರೆಲಿ ಒತ್ತಿ ಸೋಸೋ ಆರ್‌ಓ ಘಟಕ ನಮ್ಮೂರಲ್ಲೂ ಇದೆ. ಕೆಲಸ ಮಾಡೋವಾಗ ಒಳ್ಳೇ ನೀರೇ ಕೊಡುತ್ತೆ, ಅದನ್ನ ಒಪ್ಕೋಬೇಕು. ಆದ್ರೆ ಆ ಪೊರೆ (ಮೆಂಬ್ರೇನ್) ಹೋದ್ರೆ ತಿಂಗಳುಗಟ್ಟಲೆ ಬೀಗ, ನೋಡ್ಕೊಳ್ಳೋ ಏಜೆನ್ಸಿಯವರು ಫೋನೇ ಎತ್ತಲ್ಲ, ಮತ್ತೆ ಒಳಗೆ ಹೋದ ನೀರಲ್ಲಿ ದೊಡ್ಡ ಪಾಲು ಫ್ಲೋರೈಡ್ ಇನ್ನೂ ಗಟ್ಟಿಯಾಗಿ ಪೈಪಲ್ಲಿ ಮೋರಿಗೆ ಹೋಗುತ್ತೆ, ಬೋರ್ ಬತ್ತೋ ಊರಲ್ಲಿ ಇದು ಸಣ್ಣ ನಷ್ಟ ಅಲ್ಲ. ಆಲಂ (ಪಟಿಕ), ಸುಣ್ಣ ಹಾಕಿ ಕದಡಿ ಫ್ಲೋರೈಡ್ ತೆಗೆಯೋ ನಲ್ಗೊಂಡ ವಿಧಾನ ಅನ್ನೋದನ್ನ ನಾಗಪುರದ ನೀರಿ (NEERI) ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯವರು ಹಿಂದೆನೇ ಕೊಟ್ಟಿದ್ದಾರೆ, ಆದ್ರೆ ಅದ್ರಲ್ಲಿ ರಾಡಿ ಜಾಸ್ತಿ, ಅಳತೆ ತಪ್ಪಿದ್ರೆ ನೀರಲ್ಲಿ ಅಲ್ಯೂಮಿನಿಯಂ ಉಳಿಯುತ್ತೆ.

ನಾನು ಹೇಳಬೇಕಂದಿದ್ದು ಲೋಹ ಸೇರಿಸಿದ ಕಾರ್ಬನ್ ಬಗ್ಗೆ. ಫ್ಲೋರೈಡಿಗೆ ಮೈನಸ್ ಚಾರ್ಜ್, ನಮ್ಮ ಬೋರ್ ನೀರಿನಂಥ ಕ್ಷಾರದ ನೀರಲ್ಲಿ ಕಾರ್ಬನ್ ಮೈಗೂ ಹೆಚ್ಚಾಗಿ ಮೈನಸ್ಸೇ, ಹಂಗಾಗಿ ಎರಡೂ ಸೇರಲ್ಲ. ಅದೇ ಕಾರ್ಬನ್ನನ್ನ ಅಲ್ಯೂಮಿನಿಯಂ ಇಲ್ಲಾ ಜಿರ್ಕೋನಿಯಂ ಲವಣದ ದ್ರಾವಣದಲ್ಲಿ ನೆನೆಸಿ, ಕ್ಷಾರ ಹಾಕಿ, ತೊಳೆದು ಒಣಗಿಸಿದ್ರೆ ಅದರ ಸಣ್ಣ ಸಣ್ಣ ರಂಧ್ರದೊಳಗೆ ಆ ಲೋಹದ ಹೈಡ್ರಾಕ್ಸೈಡ್ ಕೂತ್ಕೊಳ್ಳುತ್ತೆ. ಫ್ಲೋರೈಡಿಗೆ ಈ ಲೋಹಗಳು ಅಂದ್ರೆ ಪ್ರಾಣ, ಅಲ್ಲಿರೋ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಬಿಡಿಸಿ ಆ ಜಾಗದಲ್ಲಿ ತಾನು ಅಂಟ್ಕೊಳ್ಳುತ್ತೆ. ಇದನ್ನ ನಂಬೋಕೆ ಲ್ಯಾಬಿಗೇ ಹೋಗಬೇಕಿಲ್ಲ. ಊರಲ್ಲಿ ನೀರು ಟೆಸ್ಟ್ ಮಾಡೋ ಕಿಟ್‌ನಲ್ಲಿ ಫ್ಲೋರೈಡಿಗೆ ಹಾಕೋ ಹನಿ ಸಾಮಾನ್ಯವಾಗಿ ಜಿರ್ಕೋನಿಯಂದೇ, ಫ್ಲೋರೈಡ್ ಬಂದು ಜಿರ್ಕೋನಿಯಂ ಕಿತ್ಕೊಂಡಾಗ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತೆ.

ಕಾರ್ಬನ್ನಿಗೆ ಎಲ್ಲಿಗೆ ಹೋಗಬೇಕು? ನಮ್ಮದೇ ತುಮಕೂರು ಜಿಲ್ಲೆಯ ತಿಪಟೂರಲ್ಲಿ ಉಂಡೆ ಕೊಬ್ಬರಿ ಒಡೆದ ಚಿಪ್ಪು ರಾಶಿ ಬಿದ್ದಿರುತ್ತೆ, ಆ ಚಿಪ್ಪಿಂದ ಒಳ್ಳೇ ಆಕ್ಟಿವೇಟೆಡ್ ಕಾರ್ಬನ್ (ಸಣ್ಣ ರಂಧ್ರ ತುಂಬಿರೋ ಇದ್ದಿಲು) ಆಗುತ್ತೆ. ಒಂದು ಗ್ರಾಂ ಪುಡಿಯ ಒಳಮೈಯೆಲ್ಲ ಲೆಕ್ಕ ಹಾಕಿದ್ರೆ 500ರಿಂದ 1000 ಚದರ ಮೀಟರ್, ಇನ್ನೂ ಜಾಸ್ತಿನೂ ಬರುತ್ತೆ.

ಹಂಗಂತ ಈ ಲೋಹ ಸೇರಿಸಿದ ಕಾರ್ಬನ್ನನ್ನ ನಾಳೆನೇ ಎಲ್ಲಾ ಊರಿಗೂ ಇಡಿ ಅಂತ ಹೇಳಲ್ಲ. ಲ್ಯಾಬಲ್ಲಿ ಎಷ್ಟೋ ಸಲ ಡಿಸ್ಟಿಲ್ಡ್ ವಾಟರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ, ಸ್ವಲ್ಪ ಹುಳಿ ಮಾಡ್ಕೊಂಡು ಟೆಸ್ಟ್ ಮಾಡ್ತಾರೆ, ರಿಸಲ್ಟ್ ಚೆನ್ನಾಗೇ ಬರುತ್ತೆ. ನಮ್ಮ ಬೋರ್ ನೀರಲ್ಲಿ ಬೈಕಾರ್ಬೊನೇಟ್ (ಅಡುಗೆ ಸೋಡಾದಲ್ಲಿರೋ ಥರದ್ದು) ತುಂಬಿರುತ್ತೆ, ಅದೂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತೆ, ಕಾರ್ಬನ್ ಬೇಗ ಸೋತೋಗುತ್ತೆ. ಅಲ್ಯೂಮಿನಿಯಂ ಬಿಟ್ಕೊಂಡು ಬಂದ್ರೆ ಇನ್ನೊಂದು ತೊಂದರೆ, ನೀರಲ್ಲಿ ಅದು ಲೀಟರಿಗೆ 0.2 ಮಿಲಿಗ್ರಾಂ ದಾಟಂಗಿಲ್ಲ. ಕಾಸ್ಟಿಕ್ ಸೋಡಾದಲ್ಲಿ ತೊಳೆದು ಮತ್ತೆ ಬಳಸಬಹುದು, ಆದ್ರೆ ಆ ತೊಳೆದ ನೀರಲ್ಲಿ ಹಿಡಿದಿಟ್ಟ ಫ್ಲೋರೈಡ್ ಎಲ್ಲಾ ಇರುತ್ತೆ, ಅದನ್ನ ಹೊಲಕ್ಕೋ ಹಳೇ ಬಾವಿಗೋ ಸುರಿದ್ರೆ ಮತ್ತೆ ಅದೇ ಕಾಟ.

ಅದಕ್ಕೇ ಜಿಲ್ಲಾಡಳಿತ ಮತ್ತೆ ಗ್ರಾಮೀಣ ಕುಡಿಯುವ ನೀರು ಇಲಾಖೆ ಒಂದು ಕೆಲಸ ಮಾಡಲಿ. ತಾಲ್ಲೂಕಿನ ಒಂದೆರಡು ಶಾಲೆ ಬೋರ್‌ಗಳಲ್ಲಿ, ಅದೇ ನೀರಿಗೆ, ಪಿಎಚ್ (ಹುಳಿ-ಕ್ಷಾರದ ಅಳತೆ) ಏನೂ ತಿದ್ದದೆ, ಒಂದು ವರ್ಷ ಈ ಕಾರ್ಬನ್ ಇಟ್ಟು ನೋಡ್ಲಿ. ಫ್ಲೋರೈಡ್, ಅಲ್ಯೂಮಿನಿಯಂ ಎರಡನ್ನೂ ಟೆಸ್ಟ್ ಮಾಡಿ ಫಲಿತಾಂಶನ ಶಾಲೆ ಗೋಡೆ ಮೇಲೆ ಬರೀಲಿ, ಎಷ್ಟು ಲೀಟರಿಗೆ ಕಾರ್ಬನ್ ಸೋತಿತು, ತೊಳೆದ ನೀರು ಎಲ್ಲಿಗೆ ಹೋಯ್ತು ಅನ್ನೋದೂ ಅಲ್ಲೇ ಇರಲಿ. ನದಿ ನೀರಿನ ಯೋಜನೆ ಬೇಕೇ ಬೇಕು, ಆದ್ರೆ ಪೈಪ್ ಒಡೆದ ದಿನ, ಕರೆಂಟ್ ಇಲ್ಲದ ದಿನ ಹಟ್ಟಿ, ತಾಂಡದ ಜನ ಕುಡಿಯೋದು ಇದೇ ಬೋರ್ ನೀರು. ಅಲ್ಲೀವರೆಗೆ ಫಿಲ್ಟರ್ ತಗೊಳ್ಳೋರು ಅಂಗಡಿಯವರ ಮಾತು ನಂಬದೆ, ಫಿಲ್ಟರಿಂದ ಬಂದ ನೀರನ್ನ ಪಂಚಾಯ್ತಿ ಕಿಟ್‌ನಲ್ಲಿ ಟೆಸ್ಟ್ ಮಾಡಿಸ್ಕೊಳ್ಳಿ.

ಇಂತಿ,
ಪಾವಗಡ ತಾಲ್ಲೂಕಿನ ಒಬ್ಬ ಓದುಗ