ಕಿವಿಯಲ್ಲಿ ಇದ್ದಕ್ಕಿದ್ದಂತೆ ಗುಂಯ್ ಎಂದರೆ ಕಾಯಬೇಡಿ

ನಮ್ಮ ಯಕ್ಷಗಾನ ಮೇಳದ ಎಲ್ಲರಿಗೂ ನಮಸ್ಕಾರ. ಚೆಂಡೆಯವರು, ಸ್ಪೀಕರ್ ಪಕ್ಕ ಕೂರುವ ಭಾಗವತರು ದಯವಿಟ್ಟು ಪೂರ್ತಿ ಓದಿ.

ಆಟ ಮುಗಿದ ರಾತ್ರಿ ಕಿವಿ ಗುಂಯ್ ಅನ್ನುವುದು ನಮ್ಮಲ್ಲಿ ಹಲವರಿಗೆ ಗೊತ್ತು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಒಂದೇ ಕಿವಿಯಲ್ಲಿ ಸದ್ದು ಶುರುವಾಗಿ, ಆ ಕಡೆ ಮಾತು ಮಂದವಾಗಿ ಕೇಳಿಸಿದರೆ ಅದು ಬೇರೆ ವಿಷಯ. ಮೊಬೈಲನ್ನು ಒಂದು ಕಿವಿಗೆ, ಆಮೇಲೆ ಇನ್ನೊಂದಕ್ಕೆ ಹಿಡಿದು ನೋಡಿ. ವ್ಯತ್ಯಾಸ ಕಂಡರೆ ಅದೇ ದಿನ, ತಪ್ಪಿದರೆ ಮರುದಿನವೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳಿಸುತ್ತದೆ ಎಂದು ನೋಡುವ ಪರೀಕ್ಷೆ) ಮಾಡಿಸಬೇಕಾ ಎಂದು ನೀವೇ ಕೇಳಿ. ಒಳಕಿವಿಗೆ ಪೆಟ್ಟಾಗಿದ್ದರೆ ಡಾಕ್ಟರ್ ಸ್ಟೀರಾಯ್ಡ್ ಕೊಡಬಹುದು. ಅದು ಬೇಗ ಶುರುವಾದಷ್ಟೂ ಕೇಳುವ ಶಕ್ತಿ ಮರಳುವ ಸಾಧ್ಯತೆ ಜಾಸ್ತಿ, ಎರಡು ವಾರ ದಾಟಿದರೆ ಕಡಿಮೆ. "ಶೀತ ಇರಬೇಕು, ಬಿಡು" ಅಂತ ಯಾರಾದರೂ ಸುಮ್ನೆ ಕೂತುಬಿಟ್ಟರೆ ಅನ್ನುವುದೇ ನನಗೆ ಭಯ. ಮುಖ ಸೊಟ್ಟಗಾದರೆ, ತಲೆ ತಿರುಗಿ ನಿಲ್ಲಲಾಗದಿದ್ದರೆ 108ಕ್ಕೆ ಫೋನ್ ಮಾಡಿ.

ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಹೇರ್‌ಪಿನ್ ಯಾವುದೂ ಬೇಡ.

ರಾತ್ರಿ ಸುತ್ತ ನಿಶ್ಶಬ್ದವಾದಾಗ ಸದ್ದು ದೊಡ್ಡದಾಗಿ ಕೇಳಿಸುತ್ತದೆ. ಫ್ಯಾನ್ ಹಾಕಿ, ರೇಡಿಯೋ ಸಣ್ಣಗೆ ಇಡಿ. ದಿನ ಕಳೆದಂತೆ ಹೆಚ್ಚಿನವರ ಮಿದುಳು ಅದಕ್ಕೆ ಗಮನ ಕೊಡುವುದನ್ನು ಬಿಡುತ್ತದೆ. ನಿದ್ದೆಗೆಟ್ಟು ಮನಸ್ಸು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಸದ್ದು ತಿಂಗಳುಗಟ್ಟಲೆ ಉಳಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬರುವುದು ಒಳ್ಳೆಯದು.

ಮುಂದಿನ ಆಟಕ್ಕೆ ಇಯರ್‌ಪ್ಲಗ್ ತರುತ್ತಿದ್ದೇನೆ. ಬೇಕಾದವರು ಇಲ್ಲೇ ಹೆಸರು ಹಾಕಿ.